ಚೀಲ ಹಿಡಿದವರು ಮೊದಲು

ನಮ್ಮ ಬಡಾವಣೆಯ ನರ್ಸಮ್ಮ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಶಿಬಿರ ನಡೆಸುವುದೆಂದರೆ ಮಗಳ ಮದುವೆ ಮಾಡಿದಂತೆ. ಶಾಲೆಯ ಕೋಣೆಯ ಬೀಗದ ಕೈಗಾಗಿ ಹೆಡ್‌ಮಾಸ್ತರರ ಬೆನ್ನು ಹತ್ತುತ್ತಾರೆ. ಪರದೆ ಕಟ್ಟಿ, ಹೊರಗಿನಿಂದ ತಾವೇ ಇಣುಕಿ ನೋಡಿ, ಸಂದು ಕಂಡಲ್ಲೆಲ್ಲ ತಮ್ಮ ತಲೆಯ ಪಿನ್ನು ಕಿತ್ತು ಸಿಕ್ಕಿಸುತ್ತಾರೆ. ಸೊಸೆಯಂದಿರು ಬರಬೇಕಾದರೆ ಅತ್ತೆಯಂದಿರು ಒಲಿಯಬೇಕೆಂದು, ವಾರಗಟ್ಟಲೆ ಮೊದಲೇ ಮನೆಮನೆಗೆ ಹೋಗಿ ಅವರ ಮಂಡಿನೋವಿನ ಕಥೆಗೆ ಕಿವಿಗೊಡುತ್ತಾರೆ. "ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ" ಎಂದವರಿಗೆ, "ಹಾಗಿರೋವಾಗ್ಲೇ ಬನ್ನಿ ಅಕ್ಕ, ಹಾಲು ಉಕ್ಕೋಷ್ಟು ಹೊತ್ತು ಸಾಕು" ಎನ್ನುತ್ತಾರೆ. ಆದರೆ ಶಿಬಿರದ ದಿನ ಅವರ ಕಣ್ಣೆಲ್ಲ ಹೊರಗಿನ ಬೆಂಚಿನ ಮೇಲೆ. ಒಳಗೆ ಹೋದವರ ಚೀಲ, ಛತ್ರಿ, ಕೂಸುಗಳನ್ನು ಕಾಯುತ್ತ ಅಲ್ಲಿ ಒಬ್ಬಳು ಇದ್ದೇ ಇರುತ್ತಾಳೆ. "ನಾನು ಸುಮ್ನೆ ಜೊತೇಗೆ ಬಂದೆ" ಎಂದರೆ ಮುಗಿಯಿತು. ಚೀಲಗಳನ್ನೆಲ್ಲ ತಮ್ಮ ಹೆಗಲಿಗೇರಿಸಿ, ಕೂಸನ್ನು ಕಂಕುಳಿಗೆ ಎತ್ತಿಕೊಂಡು, ಅವಳನ್ನು ಡಾಕ್ಟರಮ್ಮನ ಬಳಿಗೆ ದಬ್ಬುತ್ತಾರೆ. ಅತ್ತೆಯ ಚೀಲ ಹಿಡಿದು ಕೂತಿದ್ದ ನನ್ನನ್ನೂ ಹೀಗೇ ಎಬ್ಬಿಸಿದ್ದು. ಅತ್ತೆಗೆ ಏನೂ ಇರಲಿಲ್ಲ. ನನ್ನಲ್ಲಿ ಕಂಡದ್ದು ಇನ್ನೂ ಕ್ಯಾನ್ಸರ್ ಆಗಿರದ ಕಾರಣ ಸಣ್ಣ ಚಿಕಿತ್ಸೆಯಲ್ಲೇ ಹೋಯಿತು. ಮುಂದಿನ ಶಿಬಿರ ಮುಗಿದ ಸಂಜೆ ಕೈ ಮುಗಿಯಲು ಹೋದಾಗ ನರ್ಸಮ್ಮ ಪರದೆ ಮಡಿಸುತ್ತಿದ್ದರು. "ನನ್ನ ಮೊದಲನೇ ಶಿಬಿರದಲ್ಲಿ ಇಡೀ ಬೀದಿಯವರ ಚೀಲ ಕಾದಿದ್ದು ನಮ್ಮಮ್ಮ," ಎಂದರು. "ಅವರನ್ನ ಯಾರೂ ಒಳಗೆ ಕರೀಲಿಲ್ಲ." ಈಗ ಶಿಬಿರವಿದ್ದಾಗಲೆಲ್ಲ ಆ ಬೆಂಚಿನ ಮೇಲೆ ಎಲ್ಲರ ಚೀಲ ಹಿಡಿದು ಕೂರುವವಳು ನಾನು, ನರ್ಸಮ್ಮ ನನ್ನೊಬ್ಬಳನ್ನು ಮಾತ್ರ ಎಬ್ಬಿಸುವುದಿಲ್ಲ.