ಹತ್ತಿಯಲ್ಲಿ ಮಲಗಿದ್ದ ಕ್ಯಾಮೆರಾ

ನಮ್ಮ ಮನೆಗೆ ಬಂದವರೆಲ್ಲ ಪಡಸಾಲೆಯ ಗೋಡೆಯ ಮೇಲಿನ ಫೋಟೋ ನೋಡಿ ನಿಲ್ಲುತ್ತಾರೆ. ಹನ್ನೆರಡು ಮಂದಿ ಹೆಂಗಸರು, ಹನ್ನೆರಡು ಮಂದಿಯೂ ಬಾಯಿ ತುಂಬ ನಗುತ್ತಿರುವ ಫೋಟೋ ಅದು. ಯಾರು ತೆಗೆದದ್ದು ಎಂದು ಅವರು ಕೇಳುವುದನ್ನೇ ಕಾಯುತ್ತಿದ್ದವನಂತೆ ಮಾವ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ಶುರು ಮಾಡುತ್ತಾನೆ. ಗುಂತಕಲ್ಲಿನ ರೈಲ್ವೆ ಗಾರ್ಡು ಬೂಜು ಹಿಡಿದ ಕ್ಯಾಮೆರಾ ಕೊಟ್ಟು ನಮ್ಮ ಅಕ್ಕನಿಗೆ ಮೋಸ ಮಾಡಿದನಂತೆ. ಮಾವ ಒಮ್ಮೆ ಕಣ್ಣು ಹಾಯಿಸಿದ್ದೇ ತಡ, ರೋಗ ಪತ್ತೆಯಾಯಿತಂತೆ. ಹಬ್ಬದ ಹೊತ್ತಿಗೆ ಎಲ್ಲ ಸರಿಹೋಯಿತಂತೆ.

ಬಂದವರು ತಲೆದೂಗುತ್ತಾರೆ. ನಾನು ದೂಗುವುದಿಲ್ಲ. ಹೈಸ್ಕೂಲಿನಲ್ಲಿ ನಮಗೆ ಚರ್ಚಾಕೂಟ ನಡೆಸುತ್ತಿದ್ದ ಮೇಷ್ಟರು ಪದೇ ಪದೇ ಹೇಳುತ್ತಿದ್ದದ್ದು ಒಂದೇ ಮಾತು: ಎದುರಿನವರು ಹೇಳಿದ್ದನ್ನು ಅಷ್ಟಾಗಿ ಕೇಳಬೇಡಿ, ಹೇಳದೆ ಬಿಟ್ಟದ್ದನ್ನು ಕೇಳಿ. ಮಾವನ ಕತೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಬಿಟ್ಟುಹೋಗಿದೆ.

ಆಗ ನಮ್ಮ ಆದವಾನಿ ತಾಲೂಕು ಬಳ್ಳಾರಿಯನ್ನು ಬಿಟ್ಟು ಕರ್ನೂಲು ಜಿಲ್ಲೆಗೆ ಸೇರಿ ಎರಡು ವರ್ಷ ಕಳೆದಿತ್ತು. ಅಕ್ಕ ಆದವಾನಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಾನು ಎಸ್ಸೆಸ್ಸೆಲ್ಸಿ. ಅಕ್ಕನಿಗೆ ಕ್ಯಾಮೆರಾದ ಹುಚ್ಚು ಹಿಡಿಸಿದ್ದು ಊರಿನ ಸ್ಟುಡಿಯೋದಾತನ ಎರಡು ಬೆರಳು. ಕುರ್ಚಿಯ ಮೇಲೆ ಕೂತವರ ಗದ್ದವನ್ನು ಆ ಎರಡು ಬೆರಳಿನಿಂದ ಹಿಡಿದು ಆಚೆ ಈಚೆ ತಿರುಗಿಸಿ, ತನಗೆ ಒಪ್ಪಿಗೆಯಾದ ಮೇಲೆಯೇ ಆತ ಕರಿಬಟ್ಟೆಯೊಳಗೆ ತಲೆ ಹಾಕುತ್ತಿದ್ದ. ಗಂಡಸರಿಗೆ ಅದು ನಗೆಯ ಸಂಗತಿ. ನಮ್ಮ ಓಣಿಯ ಹೆಂಗಸರು ಮಾತ್ರ ಆ ಬೆರಳುಗಳ ದೆಸೆಯಿಂದ ಹುಟ್ಟಿದಾಗಿನಿಂದ ಒಂದೂ ಫೋಟೋ ತೆಗೆಸಿಕೊಂಡಿರಲಿಲ್ಲ.

"ಬನ್ನಿ ಹಬ್ಬಕ್ಕ ಎಲ್ಲಾರೂ ಹೊಸ ಸೀರಿ ಉಟಗೊಂಡು ಬರ್ರಿ," ಎಂದು ಅಕ್ಕ ಓಣಿಯಲ್ಲಿ ಸಾರಿಬಿಟ್ಟಳು. "ನಾ ತೆಗಿತೀನಿ. ನಿಮ್ಮ ಗದ್ದ ನೀವ ಹಿಡಕೋರಿ."

ಅಪ್ಪ ಒಂದು ಷರತ್ತು ಹಾಕಿದ. ಹಬ್ಬದ ಫೋಟೋ ಚೆನ್ನಾಗಿ ಬಂದರೆ ಕ್ಯಾಮೆರಾ ಮನೆಯಲ್ಲಿ ಇರಲಿ. ಇಲ್ಲವಾದರೆ ಎಲ್ಲಿಂದ ಬಂತೋ ಅಲ್ಲಿಗೇ ಹೋಗಲಿ, ಇನ್ನೊಂದು ಸಲ ಆ ಮಾತೇ ಎತ್ತಕೂಡದು. ಅಕ್ಕ ಹೂಂ ಎಂದಳು.

ಕಾರಹುಣ್ಣಿಮೆ ಕಳೆದ ವಾರ ಅಕ್ಕ, ನಾನು, ಅಪ್ಪ ಗುಂತಕಲ್ಲಿಗೆ ಹೋಗಿ ಅದನ್ನು ತಂದೆವು. ಕೊಟ್ಟವರು ನೌಕರಿಯಿಂದ ನಿವೃತ್ತರಾಗಿದ್ದ ಗಾರ್ಡ್ ಸಾಹೇಬರು. ಮಡಚಿದರೆ ಪುಸ್ತಕದಷ್ಟಾಗಿ, ಬಿಚ್ಚಿದರೆ ಹಾರ್ಮೋನಿಯಮ್ಮಿನ ತಿದಿಯಂತೆ ಮುಂದಕ್ಕೆ ಚಾಚಿಕೊಳ್ಳುವ ಕ್ಯಾಮೆರಾ. ನಾನು ಅದರ ಹಿಂಬದಿ ತೆರೆದು, ಅವರ ಕೈಲೇ ಶಟರು ತೆರೆಸಿ ಹಿಡಿಸಿ, ಆಕಾಶಕ್ಕೆ ತಿರುಗಿಸಿ ಲೆನ್ಸಿನೊಳಗೆ ನೋಡಿದೆ. ಒಂದು ಎಳೆಯಿಲ್ಲ, ಒಂದು ಚುಕ್ಕೆಯಿಲ್ಲ. ಬಾವಿಯ ನೀರಿನಂತೆ ತಿಳಿಯಾಗಿತ್ತು. ಗಾರ್ಡ್ ಸಾಹೇಬರು ನಕ್ಕು, "ಏಮ್ಮಾ, ನುವ್ವು ಪೋಲೀಸಾ?" ಎಂದು ತೆಲುಗಿನಲ್ಲಿ ಕೇಳಿದ್ದರು, ನೀನೇನು ಪೋಲೀಸೇನಮ್ಮಾ ಎಂದು. ಇದು ನನ್ನ ಸಾಕ್ಷಿ. ಮಾವನ ಕತೆಯಲ್ಲಿ ಇದೂ ಇಲ್ಲ.

ಮಾವ ಎಂದರೆ ಅವ್ವನ ತಮ್ಮ, ನಮ್ಮ ಮನೆಯಲ್ಲೇ ಇರುವವನು. ಹತ್ತಿ ಮಾರ್ಕೆಟ್ಟಿನಲ್ಲಿ ಒಬ್ಬ ವ್ಯಾಪಾರಿಗೆ ಹತ್ತಿ ನೋಡಿಕೊಡುವ ಕೆಲಸ ಅವನದು. ಒಂದು ಚಿಟಿಕೆ ಹತ್ತಿಯನ್ನು ಎರಡು ಹೆಬ್ಬೆರಳ ನಡುವೆ ಎಳೆದು ಎಳೆದು, ಉಳಿದ ಎಳೆಗಳನ್ನು ತನ್ನ ಕರಿ ಕೋಟಿನ ತೋಳಿನ ಮೇಲೆ ಹಾಸಿ ಉದ್ದ ಹೇಳುತ್ತಾನೆ. ತೂಕ ಹೆಚ್ಚಲೆಂದು ನೀರು ಚಿಮುಕಿಸಿದ ಹತ್ತಿಯನ್ನಂತೂ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡೇ ಹಿಡಿಯುತ್ತಾನೆ. ಮಾರ್ಕೆಟ್ಟಿನಲ್ಲಿ ಆ ಕೈಗೆ ಹೆದರದ ಗಾಡಿಯಿಲ್ಲ.

ಫಿಲಂ ರೀಲು ಮದರಾಸಿನಿಂದ ಬರಬೇಕಾಗಿತ್ತು. ಅಲ್ಲಿಯವರೆಗೆ ಕ್ಯಾಮೆರಾ ಎಲ್ಲಿಡುವುದು? ಆದವಾನಿಯಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಾಜಿನ ಬಳೆ, ಲಾಟೀನಿನ ಬುರುಡೆ, ಅಳಿಯನಿಗೆ ಕಳಿಸುವ ಮಾವಿನಹಣ್ಣು, ಎಲ್ಲಕ್ಕೂ ನಮ್ಮಲ್ಲಿ ಹತ್ತಿಯೇ ಹಾಸಿಗೆ. ಮಾವ ಮಾರ್ಕೆಟ್ಟಿನಿಂದ ಬೀಜ ಬಿಡಿಸದ ಹತ್ತಿಯನ್ನು ಗಂಟು ಕಟ್ಟಿ ತಂದು, ತಗಡಿನ ಪೆಟ್ಟಿಗೆಗೆ ತುಂಬಿ, ನಡುವೆ ಕ್ಯಾಮೆರಾ ಮಲಗಿಸಿ, ಮೇಲೆ ಇನ್ನಷ್ಟು ತುರುಕಿ ಮುಚ್ಚಳ ಒತ್ತಿದ.

"ಬೀಜ ಇದ್ರ ಹತ್ತಿ ಕುಂದ್ರಂಗಿಲ್ಲ, ಉಬ್ಬಿಕೊಂಡಿರತೈತಿ," ಎಂದ. "ರಾಜರ ಮನಿ ಕೂಸಿಗೂ ಇಂಥಾ ಹಾಸಿಗಿ ಇಲ್ಲ."

ರೀಲು ಬಂದದ್ದು ಬನ್ನಿ ಹಬ್ಬಕ್ಕೆ ಎಂಟು ದಿನ ಇರುವಾಗ. ಅಕ್ಕ ಪೆಟ್ಟಿಗೆ ತೆರೆದು ಕ್ಯಾಮೆರಾ ಹೊರತೆಗೆದು ಬೆಳಕಿಗೆ ಹಿಡಿದಳು. ಹಿಡಿದವಳು ಹಾಗೆಯೇ ಕೂತುಬಿಟ್ಟಳು. ಲೆನ್ಸಿನ ಒಳಗೆ, ಅಂಚಿನಿಂದ ನಡುವಿನ ಕಡೆಗೆ, ಬೆಳ್ಳನೆಯ ಸಣ್ಣ ಎಳೆಗಳು ಹರಡಿದ್ದವು.

"ಬೂಜು," ಎಂದ ಅಪ್ಪ.

"ಹತ್ತಿ ಎಳಿ," ಎಂದೆ ನಾನು. "ಮೂರೂವರಿ ತಿಂಗಳು ಹತ್ತ್ಯಾಗ ಇತ್ತು. ಹತ್ತಿ ಅಂಟದ ಮತ್ತೇನು ರೇಷ್ಮಿ ಅಂಟತೈತೇನು?"

"ಹೋತು, ವಕೀಲಮ್ಮನ ಕೋರ್ಟು ಶುರು ಆತು," ಎಂದು ಮಾವ ತನ್ನ ಕೋಟು ಬಿಚ್ಚಿ ಅಂಗಳದ ಬಿಸಿಲಿನಲ್ಲಿ ಹಾಸಿದ. ಆ ಕಪ್ಪಿನ ಮೇಲೆ ಕ್ಯಾಮೆರಾ ಹಿಡಿದು, ಜೇಬಿನ ಭೂತಗನ್ನಡಿಯಿಂದ ಬಹಳ ಹೊತ್ತು ನೋಡಿದ. "ಹತ್ತಿ ಎಳಿ ಈ ತುದಿಯಿಂದ ಆ ತುದಿ ತನಕಾ ಒಂಟಿ. ಇದನ್ನ ನೋಡು, ಜಾಲಿಗಿಡ ಟೊಂಗಿ ಒಡದಂಗ ಒಡದೈತಿ. ಬೂಜ ಇದು."

ಒಪ್ಪಿದೆ. ಅಲ್ಲಿ ಮಾವ ಗೆದ್ದ, ನಾನು ಸೋತೆ. ಎಳೆಯ ವಿಷಯದಲ್ಲಿ ಅವನ ಮುಂದೆ ವಾದಿಸಲು ಹೋದದ್ದೇ ನನ್ನ ತಪ್ಪು. ಆದರೆ ಗೆದ್ದವನು ಅಲ್ಲಿಗೇ ನಿಲ್ಲಬೇಕಿತ್ತು.

"ಅದೂ ಹಳೇ ಬೂಜು. ವರ್ಸಾನಗಟ್ಲೆ ಬೆಳದದ್ದು. ಆ ಗಾರ್ಡು ಮೋಸ ಮಾಡ್ಯಾನ, ಭಾವಾ," ಎಂದ ಅಪ್ಪನ ಕಡೆ ತಿರುಗಿ.

ಕ್ಯಾಮೆರಾ ವಾಪಸು ತೆಗೆದುಕೊಳ್ಳಿ ಎಂದು ಗಾರ್ಡಿಗೆ ಬರೆಯಲು ಅಪ್ಪ ಅಂಚೆ ಕಾರ್ಡು, ಪೆನ್ನು ಹುಡುಕಿ ಕೂತ. ಅಕ್ಕ ಮದರಾಸಿನಿಂದ ಬಂದ ರೀಲನ್ನು ಅದರ ಡಬ್ಬಿಯೊಳಗೆ ವಾಪಸು ಇಟ್ಟಳು, ಅಷ್ಟೇ. ನನಗೆ ಅದನ್ನು ನೋಡಲಾಗಲಿಲ್ಲ.

"ಅಪ್ಪಾ, ನಾ ಗುಂತಕಲ್ಲಾಗ ನೋಡೀನಿ. ಸ್ವಚ್ಛ ಇತ್ತು."

"ನಿನ್ನ ಕೇಸಿಗೆ ನೀನ ಸಾಕ್ಷಿ?" ಎಂದ ಅಪ್ಪ.

"ಸರಿ, ಬ್ಯಾರೇ ಸಾಕ್ಷಿ ತರತೀನಿ. ನಾಳಿ ಸಂಜಿತನ ಕಾರ್ಡು ಹಾಕಬ್ಯಾಡ."

ಮರುದಿನ ಬೆಳಿಗ್ಗೆ ಅಕ್ಕ, ನಾನು ಬಜಾರಿನ ಗಡಿಯಾರ ರಿಪೇರಿ ಸಾಬರ ಹತ್ತಿರ ಹೋದೆವು. ಅವರು ಕಣ್ಣಿಗೆ ಕನ್ನಡಿ ಸಿಕ್ಕಿಸಿಕೊಂಡು, ಮೊದಲು ಲೆನ್ಸಿನ ಬಳೆಯ ಮೇಲೆ ಸೂಜಿಯಿಂದ ಒಂದು ಗೀರು ಎಳೆದರು, ತಿರುಗಿ ಹಾಕುವಾಗ ಅದೇ ಜಾಗಕ್ಕೆ ಕೂರಲೆಂದು. ಎಳ್ಳಿಗಿಂತ ಸಣ್ಣ ಮೂರು ತಿರುಪು ಸಡಿಲಿಸಿ, ಮುಂದಿನ ಗಾಜನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು. ಹತ್ತಾರು ಸಲ ಒಗೆದು ಮೆತ್ತಗಾದ ಧೋತರದ ತುಂಡಿಗೆ ಸ್ಪಿರಿಟ್ಟು ಹಚ್ಚಿ, ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಿದರು.

"ತಗೋರಿ ಬೇಟಿ, ನೋಡ್ರಿ. ಸಾಫ್."

"ಗುರುತು ಉಳೀಲಿಲ್ಲೇನ್ರಿ, ಚಾಚಾ?" ಎಂದೆ ನಾನು.

"ಹಳೇದಿದ್ರ ಉಳಿತಿತ್ತು. ಹಳೇ ಬೂಜು ಗಾಜನ್ನ ತಿಂದುಬಿಡತೈತಿ, ಎಷ್ಟು ತಿಕ್ಕಿದರೂ ಕಲೆ ಹೋಗಂಗಿಲ್ಲ. ಇದು ಎರಡು-ಮೂರು ತಿಂಗಳ ಕೂಸು. ಎಲ್ಲಿಟ್ಟಿದ್ರಿ?"

"ಹತ್ತ್ಯಾಗ್ರಿ."

ಸಾಬರು ಕಣ್ಣಿನ ಕನ್ನಡಿ ತೆಗೆದರು. "ಮಳಿಗಾಲದಾಗ? ಹತ್ತ್ಯಾಗ? ಯಾರ ಅಕಲ್ ಇದು?"

"ನಮ್ಮ ಮಾವಂದು," ಎಂದಳು ಅಕ್ಕ. ಹಿಂದಿನ ದಿನದಿಂದ ಅವಳು ನಕ್ಕದ್ದು ಅದೇ ಮೊದಲು.

ಮನೆಗೆ ಬಂದವಳೇ ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆದು ಎಲ್ಲರೆದುರು ಬೋರಲು ಹಾಕಿದೆ. ಮೇಲಿನ ಹತ್ತಿ ಸಡಿಲವಾಗಿ ಉದುರಿತು. ತಳದ್ದು ಮುದ್ದೆಯಾಗಿ, ದಪ್ಪನೆ ಸದ್ದು ಮಾಡಿ ಬಿತ್ತು. ಅದರ ತುಂಬ, ಬೆಳಕು ಕಾಣದೆ ಬಿಳಿಚಿಕೊಂಡ ಮೊಳಕೆಗಳು. ಹತ್ತಿಬೀಜ ಪೆಟ್ಟಿಗೆಯೊಳಗೇ ಚಿಗುರಿತ್ತು.

"ಅಯ್ಯ ಅಯ್ಯ! ಬೆಳಿ ಬಂದೈತೆಲ್ಲೋ ತಮ್ಮಾ!" ಎಂದು ಅವ್ವ ಸೆರಗನ್ನು ಬಾಯಿಗೆ ಹಿಡಿದಳು. "ಬಿಡಿಸಾಕ ಆಳು ಕರಿಯಬೇಕೇನು?"

ಮಾವ ಮೊಳಕೆಯನ್ನು ನೋಡಿದ, ನನ್ನನ್ನು ನೋಡಿದ. "ಪೆಟಿಗಿ ಸೋರೈತಿ," ಎಂದ.

ನಾನು ಖಾಲಿ ಪೆಟ್ಟಿಗೆಯ ಒಳಗೆ ಒರೆಸಿ ಮುಚ್ಚಳ ಹಾಕಿ ಅದರ ಮೇಲೆ ಒಂದು ಕೊಡ ನೀರು ಸುರಿದೆ. ತೆರೆದು ಅಪ್ಪನ ಕೈ ಹಿಡಿದು ಒಳಗೆ ಸವರಿಸಿದೆ. ಒಣಗಿತ್ತು; ನೀರು ಹೊರಗಿನಿಂದ ಬಂದದ್ದಲ್ಲ. ಅಪ್ಪ ಒಳಗೆ ಹೋಗಿ ಬರೆದಿಟ್ಟಿದ್ದ ಕಾರ್ಡನ್ನು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದ. ಮಾವನಿಗೆ ಮಾರ್ಕೆಟ್ಟಿನಲ್ಲಿ ಏನೋ ಅವಸರದ ಕೆಲಸ ನೆನಪಾಯಿತು.

ಗಾಜು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವ ಉಪಾಯ ಸಾಬರೇ ಹೇಳಿಕೊಟ್ಟಿದ್ದರು. ಕ್ಯಾಮೆರಾದ ಹಿಂಬದಿ ತೆರೆದು, ರೀಲು ಹಾಯುವ ಜಾಗಕ್ಕೆ ಗಾಳಿಪಟದ ತೆಳು ಕಾಗದ ಬಿಗಿದು, ತಲೆಯ ಮೇಲೆ ಕಂಬಳಿ ಹೊದ್ದು ನೋಡಬೇಕು. ಅಕ್ಕ ಮಾಳಿಗೆಯ ಮೇಲಿಂದ ಕೋಟೆಯ ಬೆಟ್ಟಕ್ಕೆ ಹಿಡಿದಳು. ಕಾಗದದ ಮೇಲೆ ಬೆಟ್ಟ ತಲೆಕೆಳಗಾಗಿ, ಒಂದೊಂದು ಬಂಡೆಯೂ ಎಣಿಸುವಷ್ಟು ಚೊಕ್ಕವಾಗಿ ತೂಗುಬಿದ್ದಿತ್ತು. ಸುದ್ದಿ ಓಣಿಯಲ್ಲೆಲ್ಲ ಹರಡಿ ಹೆಂಗಸರು ಸಾಲುಹಿಡಿದು ಏಣಿ ಹತ್ತಿದರು. ಕಂಬಳಿಯೊಳಗೆ ತಲೆ ಹಾಕಿದವರು ಕಿರುಚಿ ಹೊರಗೆ ಬರುವುದು, ನಿಜವಾದ ಬೆಟ್ಟ ನೆಟ್ಟಗಿದೆಯೇ ಎಂದು ನೋಡುವುದು, ತಿರುಗಿ ಒಳಗೆ ಹೋಗುವುದು. ಎದುರು ಮನೆಯ ದೊಡ್ಡಮ್ಮ, "ನಮ್ಮನ್ನೂ ಹಿಂಗ ಜೋತುಬಿಡತಿಯೇನ? ಸೀರಿ ಗಟ್ಟಿ ಕಟಗೊಂಡು ಬರತೀವಿ," ಎಂದದ್ದಕ್ಕೆ ಮಾಳಿಗೆ ಅದುರುವಂತೆ ನಕ್ಕರು.

ಹಬ್ಬದ ದಿನ ಅದೇ ದೊಡ್ಡಮ್ಮ ನಡುವೆ ನಿಂತಿದ್ದಳು. ಅಕ್ಕ ಒಂದು, ಎರಡು ಎಣಿಸುವಾಗ, ಗಂಭೀರವಾಗಿ ಎರಡು ಬೆರಳೆತ್ತಿ ತನ್ನ ಗದ್ದವನ್ನು ತಾನೇ ಹಿಡಿದುಕೊಂಡಳು. ಉಳಿದವರು ತಡೆಯಲಾರದೆ ನಕ್ಕರು, ಅವರನ್ನು ನೋಡಿ ಅವಳೂ ನಕ್ಕಳು. ಅಕ್ಕ ಆ ಗಳಿಗೆಯಲ್ಲೇ ಗುಂಡಿ ಒತ್ತಿದಳು. ಪ್ರಿಂಟು ಬಂದಾಗ ಒಂದೊಂದು ಹಲ್ಲೂ ಕಾಣುತ್ತಿತ್ತು. ಅಪ್ಪ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, ತಾನೇ ಮೊಳೆ ಹುಡುಕಿಕೊಂಡು ಬಂದ. ಕ್ಯಾಮೆರಾ ಈಗ ಅಕ್ಕನ ಮೇಜಿನ ಮೇಲೆ, ಗಾಳಿ ಬೆಳಕಿನಲ್ಲಿ ಇರುತ್ತದೆ.

ಮೊನ್ನೆ ಆಲೂರಿನ ಬೀಗರು ಬಂದಿದ್ದರು. ಮಾವ ಎಂದಿನಂತೆ ಗಾರ್ಡಿನ ಮೋಸದಿಂದ ಶುರುಮಾಡಿ, ತನ್ನ ಕಣ್ಣಿನ ಹೊಗಳಿಕೆಗೆ ಬಂದು, ಮಾರ್ಕೆಟ್ಟಿನಲ್ಲಿ ತನ್ನ ಕೈಗೆ ಇರುವ ಹೆಸರಿನ ತನಕ ಮುಟ್ಟಿದ. ನಾನು ಬೀಗರಿಗೆ ಚಹಾ ಕೊಟ್ಟು, ಮಾವನ ಲೋಟ ಮಾತ್ರ ನನ್ನ ಕೈಯಲ್ಲೇ ಇಟ್ಟುಕೊಂಡು ಕೇಳಿದೆ:

"ಮಾವಾ, ಎಂಥಾ ರಾಶ್ಯಾಗ ಕೈ ಹಾಕಿದರೂ ನೀರು ಹೊಡದದ್ದು ನಿನಗ ತಿಳಿತೈತಿ. ಆ ಪೆಟಿಗಿಗೆ ಹತ್ತಿ ತುಂಬಿದ್ದೂ ಅದ ಕೈ. ಆವತ್ತು ಆ ಕೈ ನಿನಗ ಏನು ಹೇಳಿತ್ತು?"