ಕೆಜಾಯಾ ಲೂಕನ್ಸ್ ಹಚ್ಚಿದ ಕಿಡಿ

ಪಾನವಿರೋಧದ ಕಲ್ಲಚ್ಚು ಚಿತ್ರಗಳ ಮಾತು ಬಂದಾಗಲೆಲ್ಲ ಕಲ್ಲಿನ ಮೇಲೆ ಗೆರೆ ಎಳೆದವರನ್ನೂ, ಆ ಚಿತ್ರಗಳನ್ನು ಮಾರಿ ಮಹಡಿಮನೆ ಕಟ್ಟಿಸಿದವರನ್ನೂ ಹೊಗಳುವುದು ನಮ್ಮ ಫಿಲಡೆಲ್ಫಿಯಾದ ವಾಡಿಕೆ. ಕಪ್ಪಾಗಿ ಅಚ್ಚಾದ ಹಾಳೆಗಳಿಗೆ ಕೈಯಿಂದ ಬಣ್ಣ ತುಂಬಿದ ಹೆಂಗಸರ ಹೆಸರು ಮಾತ್ರ ಚಿತ್ರದ ಯಾವ ಮೂಲೆಯಲ್ಲೂ ಇರುವುದಿಲ್ಲ. ಆದರೂ ಈ ಊರಿನ ಪಡಸಾಲೆ, ಪಾಠಶಾಲೆ, ಪ್ರಾರ್ಥನಾ ಮಂದಿರಗಳ ಗೋಡೆಯಲ್ಲಿ ತೂಗುವ ಕುಡುಕರ ಮೂಗುಗಳು ಬಹುಪಾಲು ಮಿಸ್ ಕೆಜಾಯಾ ಲೂಕನ್ಸ್ ಅವರ ಕುಂಚದಿಂದಲೇ ಕೆಂಪಾದವು ಎಂಬುದನ್ನು ಕಸುಬಿನವರೆಲ್ಲ ಬಲ್ಲರು. ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟದೆ ಇಷ್ಟು ಮೂಗುಗಳಿಗೆ ಮತ್ತೇರಿಸಿದವರು ಬೇರೊಬ್ಬರಿಲ್ಲ.

ಪೆಟಿಗ್ರೂ ಅವರ ಅಚ್ಚುಮನೆಗೆ ಸೇರಿದಾಗ ಅವರಿನ್ನೂ ಎಳೆಯರು. ಅಲ್ಲಿ ಉದ್ದನೆಯ ಮೇಜಿನ ಸುತ್ತ ಕುಳಿತವರಿಗೆ ತಲೆಗೊಂದು ಬಣ್ಣ. ಹಾಳೆ ಕೈಯಿಂದ ಕೈಗೆ ಸಾಗಬೇಕು. ಮೊದಲು ಆಕಾಶದ ನೀಲಿ, ಬಳಿಕ ಕೆಂಪು, ಕೊನೆಗೆ ಇಡೀ ಮೇಜಿನ ಮೇಲ್ವಿಚಾರಣೆ ಅವರ ಪಾಲಿಗೆ ಬಂತು. ಕಣ್ಣು ಮಂಜಾದ ಹಿರಿಯಳೊಬ್ಬಳಿಗೆ ಕಿಟಕಿಯ ಪಕ್ಕದ ತಮ್ಮ ಜಾಗವನ್ನು ಬಿಟ್ಟುಕೊಟ್ಟವರು ಅವರು. ಊಟದ ಮೇಲೆ ತೂಕಡಿಸುವವರನ್ನು ಅವರು ಎಂದೂ ಗದರಲಿಲ್ಲ. ಯಜಮಾನ ಪೆಟಿಗ್ರೂ ಅವರ ಕೆಮ್ಮನ್ನು ಹಾಗೆಯೇ ಅಣಕಿಸಿ ಕೆಮ್ಮುತ್ತಿದ್ದರು; ಯಜಮಾನರೇ ಬಂದರೆಂದು ಕುಂಚಗಳೆಲ್ಲ ತಾವಾಗಿ ಓಡುತ್ತಿದ್ದವು.

ಅವರು ಮೇಲ್ವಿಚಾರಕಿಯಾದ ವರ್ಷ ಕೆಂಪು ಬಣ್ಣ ನೋರಾ ಗಿಲ್‌ಫಾಯ್ಲ್‌ಳ ಕೈಗೆ ಬಂತು. ನೋರಾಳ ಗಂಡ ಕಾನ್ ಕಲ್ಲಿದ್ದಲು ಗಾಡಿ ಹೊಡೆಯುವವನು. ಕೂಲಿಯನ್ನೆಲ್ಲ ಹೆಂಡದಂಗಡಿಗೆ ಸುರಿಯುತ್ತಿದ್ದ. ಮನೆ ನಡೆಯುತ್ತಿದ್ದದ್ದು ಅವಳ ಕುಂಚದಿಂದ. ಆಗ ಪಾನವಿರೋಧಿ ಸಂಘದ ಚಿತ್ರಮಾಲೆ ಮೇಜಿನ ಮೇಲಿತ್ತು. ಮೊದಲನೆಯದು ಸುಖೀ ಸಂಸಾರ, ಕೊನೆಯ ಆರನೆಯದು ಆರಿದ ಒಲೆ. ಮೊದಲನೆಯದರಲ್ಲಿ ಹೆಂಡತಿಯ ಕೆನ್ನೆಗೆ ಕೆಂಪು ಬೇಕು; ಕೊನೆಯದರಲ್ಲಿ ಕೂಡದು. ಕೈಯ ಅಭ್ಯಾಸಬಲ ನೋಡಿ, ನೋರಾ ಕೊನೆಯದಕ್ಕೂ ಬಳಿದುಬಿಟ್ಟಳು, ಕಟ್ಟುಗಟ್ಟಲೆ ಹಾಳೆಗಳಿಗೆ.

ಒಯ್ಯಲು ಬಂದ ಸಂಘದ ಪಾದ್ರಿ ಟಟಲ್ ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಮೂಗಿನಲ್ಲೇ ಕೂಗಿದರು: “ಇದೇನ್ರೀ ಪೆಟಿಗ್ರೂ! ಗಂಡನ ಜೊತೆ ಹೆಂಡ್ತೀನೂ ಏರಿಸಿದ ಹಾಗಿದೆಯಲ್ಲ!”

“ಜೋಡಿ ಚೆನ್ನಾಗಿದೆ ಬಿಡಿ,” ಎಂದು ಹಸಿರು ಬಣ್ಣದವಳು ಕಿಸಕ್ಕೆಂದಳು.

“ಯಾರ ಕೈ ಇದು? ಈಗಲೇ ಲೆಕ್ಕ ಚುಕ್ತಾ ಮಾಡಿ ಕಳಿಸ್ತೀನಿ,” ಎಂದರು ಯಜಮಾನರು. ನೋರಾ ಕುಂಚವನ್ನು ಕೆಳಗಿಟ್ಟಳು.

ಕೆಜಾಯಾ ಎದ್ದು ಮುಂದೆ ಬಂದರು. “ನನ್ನ ಮೇಜಿನ ಕೈ, ಯಜಮಾನ್ರೇ. ಒಲೆ ಮುಂದೆ ಕೂತವಳ ಕೆನ್ನೆ ಕೆಂಪಾಗದೆ ಹಸಿರಾಗುತ್ತಾ?”

“ಒಲೆ ಆರಿದೆಯಲ್ಲಮ್ಮ!” ಎಂದರು ಪೆಟಿಗ್ರೂ.

“ಹಚ್ಚಿದರಾಯ್ತು.” ಕೆಜಾಯಾ ನೋರಾಳ ಕುಂಚವನ್ನೇ ಎತ್ತಿಕೊಂಡು ಒಲೆಯ ಬೂದಿಯ ನಡುವೆ ಒಂದು ಕೆಂಪು ಚುಕ್ಕೆ ಇಟ್ಟರು.

“ಒಲೆ ಉರಿಯೋ ಮನೆ ನೋಡಿ ಯಾವ ಕುಡುಕ ಹೆದರ್ತಾನೆ ತಾಯಿ?” ಪಾದ್ರಿಗಳಿಗೆ ಸಮಾಧಾನವಿಲ್ಲ.

“ಹೆದರಿಸೋಕೆ ಹಿಂದಿನ ಚಿತ್ರಗಳು ಇದ್ದಾವಲ್ಲ ಸ್ವಾಮಿ. ಹೆದರಿದೋನು ಮನೆಗೆ ವಾಪಸ್ ಬಂದರೆ ಒಂದು ಕಿಡಿಯಾದರೂ ಬೇಡ್ವಾ?”

ಪಾದ್ರಿಗಳು ಹಾಳೆಯನ್ನು ಮತ್ತೆ ಬೆಳಕಿಗೆ ಹಿಡಿದರು. ಆಮೇಲೆ, “ಎಲ್ಲ ಹಾಳೆಗೂ ಇಡಿಸಿ,” ಎಂದು ಟೋಪಿ ಹಾಕಿಕೊಂಡರು. ಇಟ್ಟವಳು ನೋರಾಳೇ.

ಮಸಿ ಬಿದ್ದು ಕೆಟ್ಟ ಒಂದು ಹಾಳೆಯನ್ನು ಕೆಜಾಯಾ ಅವಳಿಗೆ ಕೊಟ್ಟರು. ಅದನ್ನು ಅವಳು ಮನೆಯ ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು. ಕಾನ್ ಅಂದೇ ಕುಡಿತ ಬಿಟ್ಟನೆಂದು ಬರೆದರೆ ಅದು ಅಭಿನಂದನೆಯಾಗದು, ಭಟ್ಟಂಗಿತನವಾದೀತು. ಅವನು ತೂರಾಡುತ್ತ ಬಂದು, ಚಿತ್ರದ ಕಿಡಿಗೆ ಬೆರಳಿಟ್ಟು, “ಯಾರೇ ಹಚ್ಚಿದ್ದು ಇದನ್ನ?” ಎಂದು ಕೇಳಿದ. “ನಾನೇ ಕಣೋ, ನೀನು ಬರ್ತೀಯ ಅಂತ,” ಎಂದಳು ನೋರಾ. ಬಿಡುವುದು, ಮತ್ತೆ ಹಿಡಿಯುವುದು ಬಹಳ ಕಾಲ ನಡೆಯಿತು. ಕಡೆಗೆ ಬಿಟ್ಟ.

ಈಗ ಬಣ್ಣವನ್ನೂ ಅಚ್ಚಿನಲ್ಲೇ ಒತ್ತಲು ಬಣ್ಣಕ್ಕೊಂದು ಕಲ್ಲು ಬಂದು ಮೇಜು ಬರಿದಾಗಿದೆ; ಮಿಸ್ ಲೂಕನ್ಸ್ ಅವರೂ ಕೆಲಸದಿಂದ ಬಿಡುವು ಪಡೆದಿದ್ದಾರೆ. ಆದರೆ ಹೊಸ ಕೆಂಪು ಕಲ್ಲಿನಲ್ಲೂ ಆ ಚುಕ್ಕೆಯನ್ನು ಬಿಡದೆ ಬರೆದಿದ್ದಾರೆ. ಮಿಸ್ ಲೂಕನ್ಸ್ ಅವರು ದೀರ್ಘಕಾಲ ಬಾಳಲಿ. ಬಿಡುವಿನಲ್ಲೂ ಅವರ ಕುಂಚ ಒಣಗದಿರಲಿ, ಅವರ ಅಣಕು ಕೆಮ್ಮಿಗೆ ನಿಜವಾದ ಕೆಮ್ಮು ಎಂದೂ ಜೊತೆಯಾಗದಿರಲಿ. ಚಳಿಗಾಲದಲ್ಲಿ ಅವರ ಒಲೆ ಆರೀತೆಂಬ ಚಿಂತೆ ಬಳಗದವರಿಗೆ ಬೇಡ: ಹೋದ ವಾರವೇ ಕಾನ್ ಗಿಲ್‌ಫಾಯ್ಲ್ ಗಾಡಿಯನ್ನು ಅವರ ಬಾಗಿಲಿಗೆ ಹೊಡೆದು, ಕಲ್ಲಿದ್ದಲನ್ನು ನೆಲಮಾಳಿಗೆಗೆ ಸುರಿದು, ಒಲೆಯನ್ನೂ ತಾನೇ ಹಚ್ಚಿ ಹೋಗಿದ್ದಾನೆ.