ಅಂತಿಯೋಕ್ಯದ ಎರಡನೆಯ ಪಂಕ್ತಿ

ಆ ಭಾನುವಾರ ಸ್ವರ್ಣಲತಾ ಐದಕ್ಕೇ ಎದ್ದಳು. ಅತ್ತೆಗೆ ಗಂಜಿಗಿಟ್ಟಳು, ನೀರುದೋಸೆಗೆ ಅಕ್ಕಿ ರುಬ್ಬಿದಳು, ಬ್ರಿಕ್‌ಫೀಲ್ಡ್ಸ್‌ನ ಭಾರತೀಯರ ಪೇಟೆಯಿಂದ ತರಿಸಿದ ತೆಂಗಿನಕಾಯಿ ತುರಿದಳು, ನಾಲ್ವರ ಮಾಸ್ಕು ಒಗೆದು ಹರವಿದಳು, ಸಿಂಕು ತಿಕ್ಕಿದಳು. ಪರದೇಶದ ಆ ಕ್ಲಾಂಗ್ ಪಟ್ಟಣದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಅವಳ ತಲೆಯೊಳಗೆ ಮಾತ್ರ ಹಾಡುಹಗಲು!

ಲಾಕ್‌ಡೌನ್‌ನ ಎರಡನೆಯ ವರ್ಷ. ಊಟ ಹಾಲಿಗೊಂದು, ಕೋಣೆಗೊಂದು: ಮೆಡಿಕಲ್ ಕಾಲೇಜಿನ ಪಾಠ ಮಾಡುವ ಗಂಡ ಮಧ್ವರಾಜನಿಗೆ ಒಂದು ಹೊತ್ತು, ಆನ್‌ಲೈನ್ ಕ್ಲಾಸಿನ ಮಗಳು ಮೇಧಾಗೆ ಇನ್ನೊಂದು, ಸಕ್ಕರೆ ಕಾಯಿಲೆಯ ಅತ್ತೆಗೆ ಮತ್ತೊಂದು.

ಉಡುಪಿ ಕಡೆಯ ಕ್ರೈಸ್ತರ ತಿಂಗಳ ಪ್ರಾರ್ಥನಾ ಕೂಟದಲ್ಲಿ ಗಂಡಸರು ಮಾತಾಡುವುದು, ಹೆಂಗಸರು ಒಳಗೆ ಚಹಾ ಕುದಿಸುವುದು. ಹತ್ತು ವರ್ಷದಲ್ಲಿ ಒಂದು ಮಾತನ್ನೂ ಅವಳು ಪೂರ್ತಿ ಕೇಳಿದ್ದಿಲ್ಲ. ಕೂಟ ಫೋನಿಗೆ ಬಂತು, ಚಹಾ ನಿಂತಿತು, ಅವಳು ಕೂತಳು!

ಈ ಸಲದ ವಿಷಯ ಬೈಬಲಿನ ಅಂತಿಯೋಕ್ಯ. ಮಾತಾಡಬೇಕಾದವನು ಮಧ್ವರಾಜ. "ಸ್ವಲ್ಪ ಓದಿ ನೋಟ್ಸ್ ಮಾಡಿಕೊಡು ಮಾರಾಯ್ತಿ," ಎಂದಿದ್ದ. ಓದಿದಳು. ಸಿರಿಯಾದ ಹೊಳೆದಂಡೆಯ ಮಹಾನಗರ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಿದ್ದದ್ದೇ ಅಲ್ಲಿ. ಯೆಹೂದ್ಯರೂ ಬೇರೆಯವರೂ ಅಲ್ಲಿ ಒಟ್ಟಿಗೆ ಉಣ್ಣುತ್ತಿದ್ದರು. ಯೆರೂಸಲೇಮಿನಿಂದ ಯೆಹೂದ್ಯ ನೆಂಟರು ಬಂದದ್ದೇ ತಡ, ಅವರಿಗೆ ಹೆದರಿ ಹಿರಿಯ ಶಿಷ್ಯನೊಬ್ಬ ಎದ್ದು ಬೇರೆ ಕೂತ. ಪಂಕ್ತಿಭೇದ! ದೊಡ್ಡ ಜಗಳವೇ ಆಯಿತು.

ಶುಕ್ರವಾರ ಮೇಧಾಳ ಕೋಣೆಗೆ ಮೂರನೆಯ ತಟ್ಟೆ ಒಯ್ಯುವಾಗ ಸ್ವರ್ಣಲತಾ ಗಕ್ಕನೆ ನಿಂತಳು. ಆ ಎರಡನೆಯ ಪಂಕ್ತಿ ಹಾಸಿದ್ದು ಯಾರು? ಎರಡು ಕಡೆ ಬಡಿಸಿದ್ದು ಯಾರು? ಜಗಳವಾಡಿದವರೆಲ್ಲರ ಹೆಸರುಂಟು, ಬಡಿಸಿದವಳದು ಇಲ್ಲ!

ತಟ್ಟೆ ಹಿಡಿದೇ ಹಾಲಿಗೆ ಓಡಿ ಹೇಳಿದಳು.

"ಅಬ್ಬಾ, ಒಳ್ಳೆ ಪಾಯಿಂಟ್!" ಮಧ್ವರಾಜ ಬರೆದುಕೊಂಡ. "ಇದರಿಂದಲೇ ಶುರು ಮಾಡ್ತೇನೆ."

"ನಾನೇ ಹೇಳಿದರೆ?"

"ನೀನಾ? ಕೂಟ ಎಂಟಕ್ಕೆ. ದೋಸೆ ಎರೆಯುವುದು ಯಾರು?"

"ಅಮ್ಮಾ, ಯೂ ಸೇ ಇಟ್ ಲಾ!" ಒಳಗಿನಿಂದ ಮೇಧಾ ಇಲ್ಲಿನವರ ಇಂಗ್ಲಿಷಿನಲ್ಲಿ ಕೂಗಿದಳು. "ಪಪ್ಪಾ ಈಸ್ ಕಾಪೀಯಿಂಗ್!"

"ನೀನು ಕ್ಲಾಸ್ ಕೇಳು!" ಎಂದು ಅಪ್ಪ ಗದರಿದ. ಮಾತು ಅಲ್ಲಿಗೇ ನಿಂತಿತು.

ಈಗ ಭಾನುವಾರದ ಆರೂವರೆ. ಫೋನು ಟಿಣ್ ಎಂದಿತು. ಕೂಟ ನಡೆಸುವ ಸದಾನಂದಣ್ಣನ ಸಂದೇಶ: "ಇಂದು ಅಂತಿಯೋಕ್ಯ. ಮಾತಾಡುವವರು ಹೆಸರು ಹಾಕಿ."

ಕೋಣೆಯಲ್ಲಿ ಮಧ್ವರಾಜನ ಗೊರಕೆ. ಎಬ್ಬಿಸಿ ಕೇಳಬಹುದಿತ್ತು. ಎಬ್ಬಿಸಲಿಲ್ಲ, ನಗು ಬರುತ್ತಿತ್ತು. ಸೆರಗಿಗೆ ಕೈ ಒರೆಸಿ, ತನ್ನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಬರೆದಳು. ಕಳಿಸಿಬಿಟ್ಟಳು.